ಗಣಿ ಲೈನಿನ ಹಾಡುಗಳು: ಕೂಡಿಡುತ್ತ ಕಲಿತ ಪಾಠಗಳು

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ನೆಲದಡಿಯ ದುಡಿಮೆಯ ನಮ್ಮ ದೊಡ್ಡ ಕಥೆ ಚಿನ್ನದ್ದು. ಅದರ ಊರು ಕೋಲಾರ ಚಿನ್ನದ ಗಣಿ, ಜನರ ಬಾಯಲ್ಲಿ ಕೆಜಿಎಫ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲಿನ ಜನ ಕೆಲಸ ಹುಡುಕಿಕೊಂಡು ಬೆಂಗಳೂರಿನ ದಾರಿ ಹಿಡಿದರು. ಇಂದಿಗೂ ಸಾವಿರಾರು ಮಂದಿ ಮಾರಿಕುಪ್ಪಂ ರೈಲಿನಲ್ಲಿ ದಿನಾ ಬಂದು ಹೋಗುತ್ತಾರೆ. ಓಡಾಡಿ ಸಾಕಾದವರು ಇಲ್ಲೇ ಮನೆ ಮಾಡಿದರು. ಅವರಲ್ಲಿ ಕೆಲವರು ನಮ್ಮ ಕಡೆಗೂ ಬಂದಿದ್ದಾರೆ: ಬಿಟಿಎಂ ಲೇಔಟಿನ ಒಳರಸ್ತೆಗಳು, ಜೆ.ಪಿ. ನಗರದ ಪುಟ್ಟೇನಹಳ್ಳಿ, ಬನಶಂಕರಿಯ ಕದಿರೇನಹಳ್ಳಿ. ನಾನಿರುವುದು ಜಯನಗರದಲ್ಲಿ. ಕಾಲೇಜಿನ ಪಾಠ ಮುಗಿಸಿ, ಉಳಿದ ಹೊತ್ತಿನಲ್ಲಿ ಈ ಮನೆಗಳಿಗೆ ಹೋಗಿ ಹಾಡು ಕೂಡಿಡುತ್ತ ಬಂದಿದ್ದೇನೆ.

ಬನಶಂಕರಿ 2ನೇ ಹಂತದಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಇದೆ. 1988ರಲ್ಲಿ ಅದು ಶುರುವಾದದ್ದು ಕೆಜಿಎಫ್‌ನಲ್ಲಿ. ಆಳದ ಬಂಡೆ ಒತ್ತಡ ತಾಳದೆ ಇದ್ದಕ್ಕಿದ್ದಂತೆ ಸಿಡಿಯುವುದು ಆ ಗಣಿಯ ದೊಡ್ಡ ಪಿಡುಗಾಗಿತ್ತು. ಬಂಡೆಯ ವಿದ್ಯೆ ಹೀಗೆ ಗಣಿಯಿಂದ ನಮ್ಮ ಬಡಾವಣೆಗೆ ಬಂದು, ಕಟ್ಟಡ, ಕಡತ, ಸಿಬ್ಬಂದಿ ಎಲ್ಲ ಪಡೆದುಕೊಂಡು ನೆಲೆನಿಂತಿದೆ. ಬಂಡೆ ಸಿಡಿದ ದಿನ ಲೈನಿನ, ಅಂದರೆ ಕಾರ್ಮಿಕರ ಸಾಲುಮನೆಗಳ, ಹೆಂಗಸರು ಎದೆ ಬಡಿದುಕೊಂಡು ಹಾಡಿದ್ದೂ ಇದೇ ಬಡಾವಣೆಗಳಿಗೆ ಬಂದಿದೆ, ಹಾಡಿದವರ ನೆನಪಿನಲ್ಲಿ. ಅದಕ್ಕೆ ಕಡತ ಮಾಡಬೇಕಾದವರು ನಾವು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಬಂದು ಕೇಳುತ್ತಿರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

1. ಗಣಿಯ ಹಾಡನ್ನು ಗಣಿಯೊಳಗೆ ಹುಡುಕಬೇಡಿ

ಗಣಿ ಹಾಡು ಅಂದರೆ ಹಾರೆ ಬೀಸುತ್ತ, ಟ್ರಾಲಿ ತಳ್ಳುತ್ತ ಹೇಳುವ ಹಾಡು ಎಂದುಕೊಂಡು ಬರುವವರೇ ಹೆಚ್ಚು. ಹೊಲದ ಹಾಡು, ಬೀಸುವ ಹಾಡು ಕೇಳಿ ಬೆಳೆದ ನಮಗೆ ಹಾಗೆ ತೋರುವುದು ಸಹಜ. ಆದರೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯ ಶಾಖವೇ ಸುಮಾರು 65 ಡಿಗ್ರಿ. ಡ್ರಿಲ್ ಮೆಷಿನ್ ಓಡುವಾಗ ಪಕ್ಕದವನ ಕೂಗೇ ಕೇಳಿಸದು, ಬಾಯಿ ತೆರೆದರೆ ದೂಳು. ಅಲ್ಲಿ ಯಾರು ಹಾಡುತ್ತಾರೆ? ನಾನು ಮಾತಾಡಿಸಿದ ಹಳೆಯ ಕಾರ್ಮಿಕರೆಲ್ಲ ಹೇಳಿದ್ದು ಒಂದೇ: ಕೆಳಗೆ ಕೈಸನ್ನೆ, ಲ್ಯಾಂಪಿನ ಸನ್ನೆ, ಬೆಲ್ಲಿನ ಸದ್ದು. ಹಾಡೆಲ್ಲ ಮೇಲೆ.

ಮೇಲೆ ಎಂದರೆ ಲೈನಿನಲ್ಲಿ. ಸಾಲುಮನೆಗಳ ನಡುವಿನ ನಲ್ಲಿಯ ಹತ್ತಿರ, ಮಾರಿಯಮ್ಮನ ಹಬ್ಬದಲ್ಲಿ, ಚರ್ಚಿನ ಕ್ವಾಯರಿನಲ್ಲಿ, ಸಾರಾಯಿ ಅಂಗಡಿಯ ಜಗಲಿಯಲ್ಲಿ, ಮುಷ್ಕರದ ಮೆರವಣಿಗೆಯಲ್ಲಿ, ತೊಟ್ಟಿಲ ಬಳಿ, ಹೆಣದ ಸುತ್ತ. ಆದ್ದರಿಂದ “ಗಣಿ ಹಾಡು ಬರುತ್ತಾ?” ಎಂದು ಕೇಳಿದರೆ “ಇಲ್ಲ ಸಾರ್” ಎಂಬ ಉತ್ತರ ಬಂದು ಮಾತು ಅಲ್ಲೇ ನಿಲ್ಲುತ್ತದೆ. “ಯಜಮಾನರು ನೈಟ್ ಶಿಫ್ಟಿಗೆ ಹೋದಾಗ ಮಗೂನ ಹೇಗೆ ಮಲಗಿಸ್ತಾ ಇದ್ರಿ?” ಎಂದು ಕೇಳಿ ನೋಡಿ. ಒಂದು ತಾಲಾಟ್ಟು ಹೊರಬರುತ್ತದೆ, ಅದರೊಳಗೆ ಶಾಫ್ಟೂ ಇರುತ್ತದೆ, ಸೈರನ್ನೂ ಇರುತ್ತದೆ, ಅಪ್ಪ ಯಾವಾಗ ಮೇಲೆ ಬರುತ್ತಾನೆ ಎಂಬ ಲೆಕ್ಕವೂ ಇರುತ್ತದೆ.

ಕಲ್ಲಿದ್ದಲಿನ ನಾಡುಗಳಲ್ಲೂ ಹೀಗೇ ಆಯಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾರ್ಜ್ ಕಾರ್ಸನ್ ಎಂಬ ಪತ್ರಿಕಾ ವರದಿಗಾರ ಊರಿನ ಗ್ರಂಥಾಲಯಕ್ಕೆ ಹೋಗಿ ಗಣಿಗಾರರ ಹಾಡಿನ ಪುಸ್ತಕ ಕೇಳಿದರು, ಅಂಥದ್ದು ಇರಲಿಲ್ಲ. ತಾವೇ ಗಣಿಗಾರರ ನಡುವೆ ಓಡಾಡಿ ಕೂಡಿಸಿ 1927ರಲ್ಲಿ ಪುಸ್ತಕ ತಂದರು. ಸುಮಾರು ಇಪ್ಪತ್ತು ವರ್ಷದ ನಂತರ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅದೇ ಸೀಮೆಯಲ್ಲಿ ಧ್ವನಿಮುದ್ರಣವನ್ನೂ ಮಾಡಿದರು. ಅವರಿಗೆ ಹೆಚ್ಚಿನ ಹಾಡು ಸಿಕ್ಕಿದ್ದು ಗಣಿಗಾರರು ಕೂತು ಹರಟುವ ಕಡೆ.

2. ಭಾಷೆ ನೋಡಿ ಹಾಡನ್ನು ಬಿಡಬೇಡಿ

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೆಜಿಎಫ್‌ನ ನೆಲದಡಿ ದುಡಿದವರಲ್ಲಿ ಬಹುಪಾಲು ಜನ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದವರು. ಹೆಚ್ಚಿನವರು ದಲಿತರು. ಮನೆಮಾತು ತಮಿಳು, ಕೆಲವರದು ತೆಲುಗು. ಒಂದು ಕಾಲಕ್ಕೆ ಸುಮಾರು 30 ಸಾವಿರ ಜನ ಅಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ಕೈದು ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದ ಜನ ಕಟ್ಟಿದ ಹಾಡುಗಳು ಅವು, ಆದರೆ ಕನ್ನಡದಲ್ಲಿಲ್ಲ.

ಕನ್ನಡ ಜಾನಪದದ ಕೆಲಸ ಹುಟ್ಟಿದ್ದು ನುಡಿಯ ಪ್ರೀತಿಯಿಂದ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದದ್ದು, ಜೀ.ಶಂ.ಪ. ಊರೂರು ಅಲೆದು ಮಂಟೇಸ್ವಾಮಿ ಕಾವ್ಯವನ್ನು ಬರೆದುಕೊಂಡದ್ದು, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕ ತೆರೆದದ್ದು, ಇವೆಲ್ಲ ಆ ಪ್ರೀತಿಯ ಫಲ. ನಾನು ಈ ಕೆಲಸ ಕಲಿತದ್ದೂ ಅವರ ಬರಹಗಳನ್ನು ಓದಿಯೇ. ಆದರೆ ಸಂಗ್ರಾಹಕರೆಲ್ಲ ತಮ್ಮ ತಮ್ಮ ಭಾಷೆಯ ಬೆನ್ನು ಹತ್ತಿ ಹೊರಟರೆ ಗಡಿಯ ಮೇಲಿನ ಹಾಡು ಯಾರ ಚೀಲಕ್ಕೂ ಬೀಳುವುದಿಲ್ಲ. ಕೆಜಿಎಫ್ ಹಾಡು ಕನ್ನಡದವರಿಗೆ ತಮಿಳಿನದಾಗಿ ಕಂಡಿತು, ತಮಿಳುನಾಡಿನವರಿಗೆ ಕರ್ನಾಟಕದ್ದಾಗಿ ಕಂಡಿತು. ಕರ್ನಾಟಕದ ಮಣ್ಣಿನಲ್ಲಿ, ಕರ್ನಾಟಕದ ದುಡಿಮೆಯಿಂದ ಹುಟ್ಟಿದ ಹಾಡು ಯಾವ ಭಾಷೆಯಲ್ಲಿದ್ದರೂ ಕರ್ನಾಟಕದ ಜಾನಪದವೇ. ಈ ಮಾತನ್ನು ನಾನು ಅಳುಕಿಲ್ಲದೆ ಹೇಳುತ್ತೇನೆ.

ಇದು ದೊಡ್ಡ ಮನಸ್ಸಿನ ಮಾತು ಎಂದುಕೊಳ್ಳಬೇಕಾಗಿಲ್ಲ, ಋಣದ ಮಾತು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದದ್ದು ಕೆಜಿಎಫ್‌ಗೆ ವಿದ್ಯುತ್ ಕೊಡಲು. ಅದೇ ವಿದ್ಯುತ್ತು ಬೆಂಗಳೂರಿನ ಬೀದಿದೀಪ ಹೊತ್ತಿಸಿದ್ದು 1905ರಲ್ಲಿ. ಗಣಿ ಇದ್ದುದರಿಂದ ತಂತಿ ಬಂತು, ತಂತಿ ಬಂದುದರಿಂದ ನಮ್ಮೂರು ಬೆಳಗಿತು. ಆ ಗಣಿಗೆ ಇಳಿದವರ ಹಾಡು ನಮಗೆ ಹೊರಗಿನದು ಹೇಗಾದೀತು?

ಕೋಲಾರ ಸೀಮೆಗಂತೂ ಭಾಷೆಯ ಬೇಲಿ ಎಂದೂ ಇರಲಿಲ್ಲ. ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಎರಡನ್ನೂ ಒಂದೇ ಭಜನಾ ಮಂಡಳಿಯವರು ಒಂದೇ ರಾತ್ರಿ ಹಾಡುತ್ತಾರೆ. ಕೆಜಿಎಫ್‌ನಲ್ಲಿ ಇದರ ಜತೆಗೆ ಇನ್ನೊಂದು ಧಾರೆಯೂ ಸೇರಿತು. ಅಯೋಧ್ಯಾದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ನಲ್ಲಿ ಬೇರುಬಿಟ್ಟಿತು. ಅವರು ಮದರಾಸಿನಲ್ಲಿ 1907ರಲ್ಲಿ ಶುರುಮಾಡಿದ್ದ ‘ತಮಿಳನ್’ ಪತ್ರಿಕೆಗೆ ಅವರು ತೀರಿಕೊಂಡ ಮೇಲೆ, 1926ರಲ್ಲಿ, ಜಿ. ಅಪ್ಪಾದುರೈಯವರು ಕೆಜಿಎಫ್‌ನಲ್ಲಿ ಮರುಜೀವ ಕೊಟ್ಟರು. ಆದ್ದರಿಂದ ಈ ಮನೆಗಳಲ್ಲಿ ಮಾರಿಯಮ್ಮನ ಹಾಡಿನ ಪಕ್ಕದಲ್ಲೇ ಬುದ್ಧನ ಹಾಡು, ಅಂಬೇಡ್ಕರ್ ಜಯಂತಿಯ ಹಾಡು, ಕ್ರಿಸ್‌ಮಸ್ ಹಾಡು ಸಿಗುತ್ತವೆ. ಯಾವುದನ್ನೂ “ಇದು ಜಾನಪದವಲ್ಲ” ಎಂದು ಪಕ್ಕಕ್ಕಿಡಬೇಡಿ.

ಕೆಲಸದ ಮಾತೂ ಒಂದಿದೆ. ನಾವು ಪ್ರತಿ ಹಾಡನ್ನು ಎರಡು ಲಿಪಿಯಲ್ಲಿ ಬರೆದಿಡುತ್ತೇವೆ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬಗಳಿಗೆ ಬೇರೆ ಬೇರೆ ಅಕ್ಷರ ಇಲ್ಲವಾದ್ದರಿಂದ ಹಾಡಿದವರ ನಿಜವಾದ ಉಚ್ಚಾರ ಕನ್ನಡ ಲಿಪಿಯಲ್ಲಿ ಚೆನ್ನಾಗಿ ಕೂರುತ್ತದೆ. ಕೆಜಿಎಫ್ ತಮಿಳಿನಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಮಾತುಗಳು ತುಂಬ ಬೆರೆತಿವೆ, ಅವನ್ನೂ ಕೇಳಿದಂತೆಯೇ ಹಿಡಿಯಬಹುದು. ಆದರೆ ಮನೆಯವರು ಓದಿ ಸರಿಯಿದೆಯೇ ಎಂದು ನೋಡಬೇಕಾದರೆ ತಮಿಳು ಲಿಪಿಯೇ ಬೇಕು. ಬರೆದುಕೊಳ್ಳಲು ಲೈನಿನಲ್ಲೇ ಬೆಳೆದವರೊಬ್ಬರು ಪಕ್ಕದಲ್ಲಿರಲಿ. ಪುಸ್ತಕದ ತಮಿಳು ಬಲ್ಲವರಿಗೆ ಅರ್ಧ ತಪ್ಪಿಹೋಗುತ್ತದೆ.

3. ಯಾವ ಹಾಡನ್ನು ಎಲ್ಲಿ ಹಾಡಬಾರದು ಎಂದು ಮೊದಲು ಕೇಳಿ

ಬಿಟಿಎಂ 2ನೇ ಹಂತದಲ್ಲಿ ಮೊದಲ ಮಹಡಿಯ ಒಂದು ಮನೆ. ಎಂಬತ್ತು ದಾಟಿದ ಹೆಂಗಸು, ಮನೆಯವರೆಲ್ಲ ಆಯಾ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ಕೆಜಿಎಫ್‌ನ ನಂದಿದುರ್ಗ ಗಣಿಯಲ್ಲಿದ್ದವರು. ಲೈನಿನಲ್ಲಿ ಯಾರೇ ಸತ್ತರೂ ಒಪ್ಪಾರಿ ಎತ್ತಿಕೊಡಲು ಆಯಾಗೆ ಹೇಳಿಕಳಿಸುತ್ತಿದ್ದರಂತೆ. ತಾಲಾಟ್ಟು ಹಾಡಿದರು, ನಾಟಿ ಹಾಡು ಹಾಡಿದರು, ಮದುವೆಯಲ್ಲಿ ಬೀಗರನ್ನು ರೇಗಿಸುವ ಹಾಡು ಹಾಡಿ ತಾವೇ ನಕ್ಕರು. ಒಪ್ಪಾರಿ ಎಂದ ಕೂಡಲೇ ಮುಖ ಗಂಭೀರವಾಯಿತು. “ಮನೇಲಿ ಬೇಡಪ್ಪ. ಮೊಮ್ಮಗಳು ಬಸುರಿ” ಎಂದರು.

ಸಾವಿಲ್ಲದ ಮನೆಯಲ್ಲಿ ಸಾವಿನ ಹಾಡು ಹಾಡುವುದು ಅಪಶಕುನ. ಇಂಥ ಕಟ್ಟನ್ನು ಮೂಢನಂಬಿಕೆ ಎಂದು ವಾದಿಸಿ ಒಲಿಸಲು ಹೋಗುವವರನ್ನು ನೋಡಿದ್ದೇನೆ, ಅದು ಸಲ್ಲದು. ಆ ಕಟ್ಟು ಇರುವುದರಿಂದಲೇ ಆ ಹಾಡಿಗೆ ಅಷ್ಟು ತೂಕ. ಎಲ್ಲಾದರೆ ಹಾಡಬಹುದು ಎಂದು ಅವರನ್ನೇ ಕೇಳಿದೆ. ಹೆರಿಗೆಯಾಗಿ ತಿಂಗಳು ಕಳೆಯಲಿ, ಆಮೇಲೆ ತಾರಸಿಯ ಮೇಲೆ ಎಂದರು. ಕಾದೆವು. ಆ ದಿನ ನೀರಿನ ಟ್ಯಾಂಕಿನ ನೆರಳಿನಲ್ಲಿ, ಮೆಟ್ಟಿಲ ಬಾಗಿಲಿಗೆ ಬೆನ್ನುಮಾಡಿ ಕೂತರು. ಒಪ್ಪಾರಿ ಒಬ್ಬರೇ ಹಾಡುವ ಹಾಡಲ್ಲ. ಹೆಂಗಸರು ಸುತ್ತ ಕೂತು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ತೂಗುತ್ತ, ಸಾಲು ಮುಗಿದಾಗ ಒಟ್ಟಿಗೆ ದನಿ ಸೇರಿಸಬೇಕು. ಪಕ್ಕದ ಬೀದಿಯಿಂದ ಲೈನಿನ ಹಳೆಯ ನೆರೆಯವರಿಬ್ಬರನ್ನು ಆಯಾ ತಾವೇ ಕರೆಸಿಕೊಂಡಿದ್ದರು. ಮೂವರೂ ತಲೆಗೆ ಸೆರಗು ಎಳೆದುಕೊಂಡು ಒಬ್ಬರನ್ನೊಬ್ಬರು ಹಿಡಿದುಕೊಂಡರು.

ಹಾಡಿನಲ್ಲಿ ಗಂಡ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟದ್ದು, ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದ್ದು, ಶಾಫ್ಟಿನ ಬಾಯಿಗೆ ಓಡಿದ್ದು, ಕೇಜು ಮೇಲೆ ಬಂದಾಗಲೆಲ್ಲ ಮುಖಗಳನ್ನು ಹುಡುಕಿದ್ದು, ಇವೆಲ್ಲ ಒಂದಾದ ಮೇಲೊಂದು ಬಂದವು. ಸತ್ತವನ ಹೊಗಳಿಕೆ ಮುಗಿದ ಮೇಲೆ ಬಂದದ್ದು ಪರಿಹಾರದ ಹಣದ ಲೆಕ್ಕ. ಎಷ್ಟು ಕೊಟ್ಟರು, ಎಷ್ಟು ಸಾಲಕ್ಕೆ ಹೋಯಿತು, ಮನೆ ಬಿಡಿಸಿದರೆ ಎಲ್ಲಿಗೆ ಹೋಗಲಿ. ಕಂಪನಿಯ ಕಡತದಲ್ಲಿ ಒಂದು ಸಾಲಿನಲ್ಲಿ ಮುಗಿದಿರಬಹುದಾದ ವಿಷಯ ಈ ಹಾಡಿನಲ್ಲಿ ಹೆಂಡತಿಯ ಕಡೆಯಿಂದ, ರೂಪಾಯಿ ಲೆಕ್ಕದ ಸಮೇತ ಇತ್ತು. ಒಪ್ಪಾರಿಯನ್ನು ಬರೀ ಶೋಕಗೀತೆ ಎಂದು ವಿಂಗಡಿಸಿ ಇಡುವವರು ಈ ಲೆಕ್ಕವನ್ನು ಗಮನಿಸಬೇಕು.

ಹಾಡು ಮುಗಿದ ಮೇಲೆ ಮೂವರೂ ಕೈಕಾಲು ತೊಳೆದುಕೊಂಡೇ ಕೆಳಗಿಳಿದರು. ಅದನ್ನೂ ಬರೆದುಕೊಂಡೆ.

4. ಫ್ಯಾನ್, ಫ್ರಿಜ್, ಕುಕ್ಕರ್

ದಕ್ಷಿಣ ಬೆಂಗಳೂರಿನ ಮನೆಯಲ್ಲಿ ಧ್ವನಿಮುದ್ರಣ ಎಂದರೆ ಸದ್ದಿನ ಜತೆ ಗುದ್ದಾಟ. ಫ್ಯಾನ್ ಆರಿಸಿ. ಫ್ರಿಜ್ಜಿನ ಪ್ಲಗ್ ತೆಗೆಯಿರಿ, ಹೊರಡುವಾಗ ಮರೆಯದೆ ಹಾಕಿ. ತೆಗೆದ ಫ್ರಿಜ್ಜಿನ ಮೇಲೆ ನಿಮ್ಮ ಗಾಡಿಯ ಕೀಲಿ ಇಟ್ಟರೆ ಮರೆಯುವುದಿಲ್ಲ. ಅಡುಗೆ ಮುಗಿದ ಮೇಲಿನ ಹೊತ್ತು, ಮಧ್ಯಾಹ್ನ ಎರಡರಿಂದ ನಾಲ್ಕು, ಎಲ್ಲಕ್ಕಿಂತ ಒಳ್ಳೆಯದು. ಶಾಲೆಯ ವ್ಯಾನುಗಳು ಬರಲು ಶುರುವಾದರೆ ನಿಲ್ಲಿಸಿ. ಟೈಲ್ಸ್ ಹಾಕಿದ ಬರೀ ಕೋಣೆಯಲ್ಲಿ ದನಿ ಮೊಳಗುತ್ತದೆ, ಹಾಸಿಗೆ, ಬಟ್ಟೆ ಇರುವ ಮಲಗುವ ಕೋಣೆಯಲ್ಲಿ ಕೂರಿ.

ಸಣ್ಣ ರೆಕಾರ್ಡರ್ ಸಾಕು. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಎಂಪಿ3ಯಲ್ಲಿ ಮುದ್ರಿಸಬೇಡಿ, ಕಳೆದದ್ದು ಮತ್ತೆ ಸಿಗುವುದಿಲ್ಲ. ಮೈಕು ಬಾಯಿಗೆ ಒಂದು ಮೊಳ ದೂರ, ಸ್ವಲ್ಪ ಪಕ್ಕಕ್ಕೆ. ಪರೈ ವಾದ್ಯ ಇದ್ದರೆ ಇನ್ನೂ ದೂರ ಹೋಗಿ, ಮಟ್ಟವನ್ನು ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಮೊದಲ ಪೆಟ್ಟಿಗೇ ಸದ್ದು ಒಡೆಯುತ್ತದೆ. ಅದೇ ರಾತ್ರಿ ಮೂರು ಪ್ರತಿ ಮಾಡಿ, ಒಂದು ಬೇರೆ ಮನೆಯಲ್ಲಿರಲಿ.

5. ಹಾಡು ಮುಗಿದ ಮೇಲೆ ರೆಕಾರ್ಡರ್ ನಿಲ್ಲಿಸಬೇಡಿ

ಹಾಡು ಮುಗಿದ ಕೂಡಲೇ ಬರುವ ಮಾತಿನಲ್ಲಿ ಹಾಡಿನ ಅರ್ಧ ಇರುತ್ತದೆ. ಯಾರಿಂದ ಕಲಿತದ್ದು, ಯಾರು ಸತ್ತಾಗ ಹಾಡಿದ್ದು, ಯಾವ ಸಾಲನ್ನು ಯಾರ ಮುಂದೆ ಹಾಡುತ್ತಿರಲಿಲ್ಲ. ಒಬ್ಬ ನಿವೃತ್ತ ಟಿಂಬರ್‌ಮನ್ ಮುಷ್ಕರದ ಹಾಡಿನ ಎರಡು ನುಡಿ ಹಾಡಿ ಸುಮ್ಮನಾದರು. ಚಹಾ ಬಂತು. ಲೋಟ ಕೆಳಗಿಡುತ್ತ, ಇದು ಅವರಪ್ಪ ಹೇಳುತ್ತಿದ್ದ ಹಾಡು, ಹೆಬ್ಬೆಟ್ಟಿನ ಗಲಾಟೆಯ ಕಾಲದ್ದು ಎಂದರು.

ಆ ಒಂದು ಮಾತಿನಿಂದ ಹಾಡಿಗೆ ಕಾಲ ಸಿಕ್ಕಿತು. 1930ರಲ್ಲಿ ಕಂಪನಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಗಣಿಗೆ ಗಣಿಯೇ ಕೆಲಸ ನಿಲ್ಲಿಸಿತ್ತು. ಕಳ್ಳರ ಹಾಗೆ ನಮ್ಮ ಬೆರಳು ಒತ್ತಿಸಿಕೊಳ್ಳುತ್ತೀರಾ ಎಂಬುದು ಅವರ ಸಿಟ್ಟು. 1946ರಲ್ಲಿ ಇನ್ನೊಂದು ದೊಡ್ಡ ಮುಷ್ಕರ ನಡೆಯಿತು, ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ 1998ರಲ್ಲಿ ತಂದ ಪುಸ್ತಕದಲ್ಲಿ ಈ ಚರಿತ್ರೆ ವಿವರವಾಗಿದೆ. ಹಾಡು ಕೂಡಿಡುವವರು ಅದನ್ನು ಓದಿಕೊಂಡೇ ಹೋಗಬೇಕು. ಹಿನ್ನೆಲೆ ಗೊತ್ತಿಲ್ಲದಿದ್ದರೆ ‘ಬೆರಳು’ ಎಂದು ಹಾಡಿನಲ್ಲಿ ಬಂದಾಗ ನಮ್ಮ ಕಿವಿ ನಿಮಿರುವುದಿಲ್ಲ, ಮುಂದಿನ ಪ್ರಶ್ನೆಯೂ ಹುಟ್ಟುವುದಿಲ್ಲ.

ಪ್ರತಿ ಹಾಡಿಗೆ ನಾವು ಒಂದು ಹಾಳೆ ಇಟ್ಟಿದ್ದೇವೆ. ಹಾಡಿದವರು, ಯಾವ ಲೈನು, ಯಾವ ಗಣಿ, ಕಲಿತದ್ದು ಯಾರಿಂದ, ಹಾಡುವ ಹೊತ್ತು, ಹಾಡಬಾರದ ಹೊತ್ತು, ಅಂದು ಕೋಣೆಯಲ್ಲಿ ಯಾರಿದ್ದರು. ಕೊನೆಯದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಸೊಸೆ ಎದುರಿಗಿದ್ದಾಗ ಹಾಡಿದ್ದಕ್ಕೂ ಸೊಸೆ ಕೆಲಸಕ್ಕೆ ಹೋದಾಗ ಹಾಡಿದ್ದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಎರಡೂ ಕೇಳಿದವರಿಗೇ ಗೊತ್ತು.

6. ತಿದ್ದಬೇಡಿ, ಸಿನಿಮಾ ಧಾಟಿಗೆ ಮೂಗು ಮುರಿಯಬೇಡಿ

ಇಂಗ್ಲೆಂಡಿನ ಎ.ಎಲ್. ಲಾಯ್ಡ್ ಕಲ್ಲಿದ್ದಲು ಗಣಿಗಾರರ ಹಾಡುಗಳ ದೊಡ್ಡ ಸಂಗ್ರಾಹಕ. ಗಣಿಗಾರರು ಓದುತ್ತಿದ್ದ ಪತ್ರಿಕೆಯ ಮೂಲಕ ಹಾಡು ಕಳಿಸಿ ಎಂದು ಕರೆಕೊಟ್ಟು, ಬಂದದ್ದರಲ್ಲಿ ಆರಿಸಿ 1952ರಲ್ಲಿ ಪುಸ್ತಕ ಮಾಡಿದರು. ಕರೆಕೊಡುವ ಆ ಉಪಾಯವನ್ನು ನಾವೂ ಕೆಜಿಎಫ್‌ನವರ ವಾಟ್ಸ್ಯಾಪ್ ಗುಂಪುಗಳಲ್ಲಿ ಬಳಸಿ ಲಾಭ ಪಡೆದಿದ್ದೇವೆ. ಆದರೆ ಲಾಯ್ಡ್ ಹಾಡುಗಳನ್ನು ಅಲ್ಲಲ್ಲಿ ತಮ್ಮ ಕೈಯಾರೆ ತಿದ್ದಿದರು, ಕೂಡಿಸಿದರು ಎಂದು ನಂತರದ ವಿದ್ವಾಂಸರು ತೋರಿಸಿಕೊಟ್ಟರು. ಇವತ್ತು ಅವರ ಎಷ್ಟೋ ಪಠ್ಯಗಳನ್ನು ಯಾವುದು ಗಣಿಗಾರನದು, ಯಾವುದು ಸಂಪಾದಕನದು ಎಂದು ಬಿಡಿಸುತ್ತ ಕೂರಬೇಕಾಗಿದೆ. ಅಷ್ಟು ದೊಡ್ಡ ಪ್ರೀತಿಯ ಕೆಲಸಕ್ಕೆ ಹೀಗಾಗಬಾರದಿತ್ತು.

ನಮ್ಮಲ್ಲಿ ತಿದ್ದುವ ಆಸೆ ಬೇರೆ ರೂಪದಲ್ಲಿ ಬರುತ್ತದೆ. ಲೈನಿನ ಎಷ್ಟೋ ಹಾಡುಗಳ ಧಾಟಿ ಎಂ.ಜಿ.ಆರ್. ಸಿನಿಮಾಗಳದ್ದು. ಪರಿಚಿತ ಧಾಟಿಗೆ ತಮ್ಮ ಮಾತು ಕೂರಿಸಿ ಬೋನಸ್ಸಿನ ಬಗ್ಗೆ, ಫೋರ್‌ಮನ್ನನ ಬಗ್ಗೆ, ಗಣಿ ಮುಚ್ಚುವ ಸುದ್ದಿಯ ಬಗ್ಗೆ ಕಟ್ಟಿದ್ದಾರೆ. ಇಂಥದ್ದನ್ನು ಕೇಳಿದ ನಮ್ಮ ಕೆಲವು ಗೆಳೆಯರು “ಇದು ಅಪ್ಪಟ ಅಲ್ಲ, ಹಳೇದು ಹಾಡಿಸಿ” ಎನ್ನುತ್ತಾರೆ. ಹಾಡುವವರು ಆಗ ಮುದುಡುತ್ತಾರೆ. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂದದ್ದರಿಂದ ಹಿಡಿದು 2001ರಲ್ಲಿ ಮುಚ್ಚುವವರೆಗಿನ ಅನುಭವ ಇರುವುದು ಬಹುಮಟ್ಟಿಗೆ ಈ ಸಿನಿಮಾ ಧಾಟಿಯ ಹಾಡುಗಳಲ್ಲೇ. ಅವನ್ನು ಬಿಟ್ಟರೆ ಆ ನಲವತ್ತೈದು ವರ್ಷಗಳೇ ಹಾಡಿನ ಚರಿತ್ರೆಯಿಂದ ಬಿಟ್ಟುಹೋಗುತ್ತವೆ.

ಮಾತಿಲ್ಲದ ರಾಗವೂ ಗಣಿಯ ಹಾಡೇ. 1934ರಲ್ಲಿ ವೇಲ್ಸ್‌ನ ಗ್ರೆಸ್‌ಫರ್ಡ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 266 ಜನ ಸತ್ತರು. ಅವರ ನೆನಪಿಗೆ ರಾಬರ್ಟ್ ಸೇಂಟ್ ಎಂಬ ಗಣಿಗಾರ ಬ್ಯಾಂಡಿಗಾಗಿ ಕಟ್ಟಿದ ರಾಗಕ್ಕೆ ಸಾಹಿತ್ಯವಿರಲಿಲ್ಲ. ಡರಂ ಊರಿನ ಗಣಿಗಾರರ ವಾರ್ಷಿಕ ಸಮಾವೇಶದಲ್ಲಿ ಅದನ್ನು ಇಂದಿಗೂ ನುಡಿಸುತ್ತಾರೆ. ನಮ್ಮಲ್ಲೂ ಹೆಣದ ಮೆರವಣಿಗೆಗೆ ಬೇರೆ, ಹಬ್ಬಕ್ಕೆ ಬೇರೆ ಪರೈ ಪೆಟ್ಟು ಇದೆ. ಬಾರಿಸುವವರು ಅವನ್ನು ಬಾಯಲ್ಲಿ ಹೇಳಿ ತೋರಿಸಬಲ್ಲರು, ಅದನ್ನೂ ಮುದ್ರಿಸಿಕೊಳ್ಳಿ.

7. ಅಟ್ಟದ ಮೇಲಿನ ಕ್ಯಾಸೆಟ್ ಕೇಳಿ ಪಡೆಯಿರಿ

ಲೈನಿನ ಹಬ್ಬಗಳನ್ನು ಜನ ತಾವೇ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ. ಮನೆ ಬದಲಿಸುವಾಗ ಬಿಸಾಡದೆ ಉಳಿದವು ಬಿಸ್ಕತ್ ಡಬ್ಬಿಯಲ್ಲಿ, ಅಟ್ಟದ ಮೇಲೆ ಇರುತ್ತವೆ. ಕೇಳದೆ ಯಾರೂ ಕೊಡುವುದಿಲ್ಲ, ಏಕೆಂದರೆ ಅದಕ್ಕೆ ಬೆಲೆಯಿದೆ ಎಂದು ಅವರಿಗೆ ಅನ್ನಿಸಿರುವುದಿಲ್ಲ.

ಕದಿರೇನಹಳ್ಳಿಯ ಮನೆಯೊಂದರಲ್ಲಿ ಸಿಕ್ಕ ಕ್ಯಾಸೆಟ್ಟಿನ ಮೇಲೆ ತಮಿಳಿನಲ್ಲಿ ‘ಹಬ್ಬ’ ಎಂದಷ್ಟೇ ಬರೆದಿತ್ತು. ಒಳಗೆ ನೋಡಿದರೆ ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಸಣ್ಣ ಸ್ಪಂಜಿನ ತುಂಡು ಅಂಟು ಬಿಟ್ಟು ಉದುರಿತ್ತು. ಹಾಗೇ ಹಾಕಿದರೆ ಸದ್ದು ಮಂಕಾಗಿ ತೇಲುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ ಆದ್ದರಿಂದ ಬಿಚ್ಚಿ, ಸುರುಳಿಗಳೆರಡನ್ನೂ ಎತ್ತಿ ಹೊಸ ಕವಚಕ್ಕೆ ಕೂರಿಸಿದೆವು. ಅಂಟಿಸಿದ ಕವಚವಾಗಿದ್ದರೆ ಬ್ಲೇಡಿನಿಂದ ಅಂಚು ಸೀಳಬೇಕು, ಅದಕ್ಕೆ ಪಳಗಿದ ಕೈ ಬೇಕು. ನುಡಿಸುವ ಮುಂಚೆ ಮೇಲಿನ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ, ಅಕಸ್ಮಾತ್ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸದು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಟೇಪಿನ ಬಿಗಿ ಸರಿಮಾಡಿ. ಹೆಡ್ಡಿನ ಓರೆಯನ್ನು ಆ ಟೇಪಿಗೆ ತಕ್ಕಂತೆ ಸ್ಕ್ರೂ ತಿರುಗಿಸಿ ಸರಿಹೊಂದಿಸಿದರೆ ಮಂಕು ದನಿ ಥಟ್ಟನೆ ತಿಳಿಯಾಗುತ್ತದೆ. 90 ನಿಮಿಷದ ಟೇಪು 60 ನಿಮಿಷದ್ದಕ್ಕಿಂತ ತೆಳು, ಅದನ್ನು ಎಳೆದಾಡಬಾರದು.

ಆ ಕ್ಯಾಸೆಟ್ಟಿನಲ್ಲಿ ಎರಡು ಸಿನಿಮಾ ಹಾಡಿನ ನಡುವೆ ಮಾರಿಯಮ್ಮನ ಮೆರವಣಿಗೆ ಇತ್ತು. ಪರೈ, ಕರಗ ಹೊತ್ತವರಿಗೆ ದಾರಿಬಿಡಿ ಎನ್ನುವ ಕೂಗು, ಹೆಂಗಸರ ಉಲುಲು. ಹಿಂದೆ ದೂರದಲ್ಲಿ ಶಿಫ್ಟಿನ ಸೈರನ್. ಆ ಸೈರನ್ ಈಗ ಎಲ್ಲೂ ಕೇಳಸಿಗದು. ಸದ್ದು ಶುದ್ಧಿಮಾಡುವ ಸಾಫ್ಟ್‌ವೇರು ಅದನ್ನು ಗದ್ದಲವೆಂದು ಅಳಿಸಿಬಿಡುತ್ತದೆ. ಆದ್ದರಿಂದ ಮೂಲ ಪ್ರತಿಯನ್ನು ಏನೂ ಮಾಡದೆ ಬೇರೆ ಇಡಿ.

8. ಒಪ್ಪಿಗೆ ಎಂದರೆ ಸಹಿಯಷ್ಟೇ ಅಲ್ಲ

ನಮ್ಮ ಹಕ್ಕುಸ್ವಾಮ್ಯ ಕಾಯ್ದೆ ಹಾಡಿದವರಿಗೆ 50 ವರ್ಷಗಳ ಪ್ರದರ್ಶಕರ ಹಕ್ಕು ಕೊಡುತ್ತದೆ. ಜಾನಪದ ಹಾಡು, ಯಾರದೂ ಅಲ್ಲ, ಎಂದುಕೊಂಡು ಮುದ್ರಿಸಿದ್ದನ್ನು ಬೇಕಾದ ಕಡೆ ಹಾಕುವುದು ತಪ್ಪು. ಒಪ್ಪಿಗೆಯ ಮಾತನ್ನು ತಮಿಳಿನಲ್ಲಿ ಓದಿಹೇಳಿ, ಅವರ ಉತ್ತರವನ್ನೂ ಮುದ್ರಿಸಿಕೊಳ್ಳಿ. ಹೆಬ್ಬೆಟ್ಟು ಕೇಳಬೇಡಿ. ಆ ಜನರಿಗೆ ಹೆಬ್ಬೆಟ್ಟಿನ ನೆನಪು ಏನೆಂದು ಮೇಲೆ ಹೇಳಿದ್ದೇನೆ.

ಮನೆಯವರು ಮಾತ್ರ ಕೇಳಬಹುದು, ಹೆಂಗಸರು ಮಾತ್ರ ಕೇಳಬಹುದು, ನಾನು ಸತ್ತ ಮೇಲೆ ಯಾರು ಬೇಕಾದರೂ ಕೇಳಲಿ, ಹೀಗೆಲ್ಲ ಷರತ್ತು ಹಾಕುತ್ತಾರೆ. ಆಯಾ ಒಪ್ಪಾರಿಗೆ ಇಂಥ ಒಂದು ಷರತ್ತು ಹಾಕಿದ್ದಾರೆ, ಅದು ಹಾಗೇ ನಡೆಯುತ್ತದೆ. ಹಾಡಿದವರಿಗೆ ಸಂಭಾವನೆ ಕೊಡಿ. ಅವರ ಜತೆ ಕೂರಲು ರಜೆ ಹಾಕಿದ ಮಗಳಿಗೂ ಒಂದು ದಿನದ ಕೂಲಿ ನಷ್ಟವಾಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

9. ಮುದ್ರಿಸಿದ್ದನ್ನು ಅವರ ನಡುವೆಯೇ ಕೇಳಿಸಿ

ಹೊರಗಿನವರಿಗೆ ಕೆಜಿಎಫ್ ಎಂದರೆ 2018 ಮತ್ತು 2022ರ ಸಿನಿಮಾಗಳು. ಬೆಂಗಳೂರಿನಲ್ಲೇ ಹುಟ್ಟಿದ ಮೊಮ್ಮಕ್ಕಳಿಗೂ ಬಹಳ ಮಟ್ಟಿಗೆ ಹಾಗೇ. ಪಾ. ರಂಜಿತ್ ಅವರ ‘ತಂಗಲಾನ್’ 2024ರಲ್ಲಿ ಬಂದ ಮೇಲೆ ಕೆಲವು ಹುಡುಗರು ತಾತನನ್ನು ಪ್ರಶ್ನೆ ಕೇಳಲು ಶುರುಮಾಡಿದರು. ಆ ಕುತೂಹಲ ಆರುವ ಮೊದಲು ಬಿಟಿಎಂನ ಒಂದು ಸಮುದಾಯ ಭವನದಲ್ಲಿ ಭಾನುವಾರ ಸಂಜೆ ಕೇಳಿಸುವ ಕಾರ್ಯಕ್ರಮ ಇಟ್ಟೆವು. ವೇದಿಕೆ ಬೇಡ, ಭಾಷಣ ಬೇಡ. ಎರಡು ಸ್ಪೀಕರು, ಸುತ್ತ ಕುರ್ಚಿ, ಚಹಾ.

ಒಂದು ಹಾಡು ನುಡಿಸಿದ ಕೂಡಲೇ ಇಬ್ಬರು ಹಿರಿಯರು ಎದ್ದು ನಿಂತರು. ಮೂರನೆಯ ನುಡಿ ಹಾಗಲ್ಲ ಎಂದು ಒಬ್ಬರು, ನಮ್ಮ ಉರಿಗಾಂ ಕಡೆ ಹಾಗೇ ಎಂದು ಇನ್ನೊಬ್ಬರು. ಜೋರಾಗಿಯೇ ವಾದವಾಯಿತು, ಹಿಂದಿನ ಸಾಲಿನ ಹೆಂಗಸರು ಇಬ್ಬರನ್ನೂ ಸುಮ್ಮನಿರಿಸಿ ತಮ್ಮದೇ ಮೂರನೆಯ ಪಾಠ ಹಾಡಿದರು. ರೆಕಾರ್ಡರ್ ಓಡುತ್ತಿತ್ತು. ಮನೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ “ಅಷ್ಟೇ ಬರೋದು” ಎಂದವರಿಗೂ ಅಲ್ಲಿ ಮರೆತ ಸಾಲು ನೆನಪಾದವು. ಮೊಮ್ಮಕ್ಕಳಲ್ಲಿ ಇಬ್ಬರು ಈಗ ಬರೆದುಕೊಳ್ಳುವ ಕೆಲಸಕ್ಕೆ ಬರುತ್ತಾರೆ. ಅವರಿಗೆ ನನಗಿಂತ ಬೇಗ ಮಾತು ತಿಳಿಯುತ್ತದೆ, ಅಜ್ಜಿಯರು ಅವರ ಮುಂದೆ ನನ್ನ ಮುಂದಿಗಿಂತ ಬಿಚ್ಚಿ ಹಾಡುತ್ತಾರೆ.

10. ನಡೆಯುತ್ತಿರುವ ಗಣಿಯತ್ತ ಈಗಲೇ ಹೋಗಿ

ಕೆಜಿಎಫ್ ಬಗ್ಗೆ ನಾವು ಎಚ್ಚೆತ್ತದ್ದು ಗಣಿ ಮುಚ್ಚಿದ ಮೇಲೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಇವತ್ತೂ ನಡೆಯುತ್ತಿದೆ. ಎರಡು ಸಾವಿರ ವರ್ಷದಷ್ಟು ಹಳೆಯ ಅಗೆತದ ಗುರುತುಗಳಿರುವ ನೆಲ ಅದು, ಈಗಿನ ಕಂಪನಿ 1947ರದ್ದು. ಅಲ್ಲಿನ ಕಾರ್ಮಿಕರ ಮಾತು ಬಹುಮಟ್ಟಿಗೆ ಕನ್ನಡ, ಆದ್ದರಿಂದ ಭಾಷೆಯ ನೆಪವೂ ನಮಗಿಲ್ಲ. ಆ ಸೀಮೆಯಲ್ಲಿ ತತ್ವಪದ ಇದೆ, ಮೊಹರಂನ ರಿವಾಯತ್ ಪದ ಇದೆ, ಶಿಫ್ಟು ಮುಗಿಸಿ ಬಂದವರು ಅವನ್ನು ಹಾಡುತ್ತಾರೆ. ಕೇಜು, ಲೆವೆಲ್ಲು, ಬ್ಲಾಸ್ಟಿಂಗು ಆ ಪದಗಳೊಳಗೆ ಹೇಗೆ ಸೇರಿಕೊಂಡಿವೆ ಎಂಬುದನ್ನು ಹಾಡುವವರು ದುಡಿಯುತ್ತಿರುವಾಗಲೇ ಕೇಳಿ ತಿಳಿಯಬಹುದು.

ಹಟ್ಟಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಬನಶಂಕರಿ 3ನೇ ಹಂತದಲ್ಲಿ ಮಗನ ಮನೆಯಲ್ಲಿದ್ದಾರೆ. ಮೊಹರಂನ ಅಲಾವಿ ಕುಣಿತದ ಪದಗಳನ್ನು ಒಬ್ಬರೇ ಹಾಡಲಾಗದು, ಜೋಡಿ ಬೇಕು ಎಂದಿದ್ದಾರೆ. ಮೊಹರಂಗೆ ಊರಿಗೆ ಹೋದಾಗ ಜೋಡಿಯವರನ್ನು ಕೇಳಿಕೊಂಡು ಬರುತ್ತೇನೆ, ನೀವು ರೆಕಾರ್ಡರ್ ತಗೊಂಡು ಅಲ್ಲಿಗೇ ಬರೋದಾದ್ರೂ ಆಯ್ತು ಅಂದರು. ನಾವು ಅಲ್ಲಿಗೇ ಹೋಗುತ್ತಿದ್ದೇವೆ.